ಲೆಕ್ಕದ ಹೊರಗುಳಿದ ವೆಚ್ಚ

ಅರ್ಥಶಾಸ್ತ್ರದಲ್ಲಿ ‘ಎಕ್ಸ್‌ಟರ್ನಾಲಿಟಿ’ ಎಂಬ ಪದವೊಂದುಂಟು. ಅದನ್ನು ಕನ್ನಡದಲ್ಲಿ ಬಾಹ್ಯ ಪರಿಣಾಮವೆನ್ನಬಹುದು. ಒಬ್ಬನ ಉದ್ಯಮದಿಂದುಂಟಾದ ಹಾನಿಯಾಗಲಿ ಲಾಭವಾಗಲಿ, ಅದರಲ್ಲಿ ಭಾಗಿಯಲ್ಲದ ಮತ್ತೊಬ್ಬನಿಗೆ ತಗಲಿ, ಅದಕ್ಕೆ ಬೆಲೆಯು ಸಲ್ಲದೆ ಉಳಿದರೆ ಅದೇ ಬಾಹ್ಯ ಪರಿಣಾಮವು. ಕೇಂಬ್ರಿಜ್ಜಿನ ಪಿಗೂ ಎಂಬ ಪಂಡಿತರು 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪರರಿಗೆ ಹಾನಿಯನ್ನುಂಟುಮಾಡುವ ಉದ್ಯಮದ ಮೇಲೆ ತೆರಿಗೆಯು ಉಚಿತವೆಂದು ವಾದಿಸಿದರು. ಹಕ್ಕು ಯಾರದೆಂಬುದು ನಿಶ್ಚಿತವಾಗಿದ್ದು, ಮಾತುಕತೆಯ ವೆಚ್ಚವು ಅಲ್ಪವಾಗಿದ್ದರೆ, ಉಭಯ ಪಕ್ಷದವರು ತಾವೇ ಒಪ್ಪಂದಕ್ಕೆ ಬರಬಲ್ಲರೆಂದು ರೊನಾಲ್ಡ್ ಕೋಸ್ ಎಂಬವರು 1960ರಲ್ಲಿ ತೋರಿಸಿದರು.

ಇದು ಕೇವಲ ಪುಸ್ತಕದ ಚರ್ಚೆಯೆಂದು ವಾಚಕರು ಭಾವಿಸಲಾಗದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ರೇಷ್ಮೆಯ ಹಿಪ್ಪುನೇರಳೆ ತೋಟಕ್ಕೂ ದ್ರಾಕ್ಷಿಗೂ ತರಕಾರಿಗೂ ಕೊಳವೆ ಬಾವಿಯೇ ಆಧಾರ. ಒಬ್ಬ ರೈತನು ಸಾವಿರ ಅಡಿಗೂ ಮೀರಿ ಕೊರೆಯಿಸಿದರೆ ನೆರೆಯವನ ಬಾವಿ ಬತ್ತುತ್ತದೆ. ಆಳದ ನೀರಿನೊಡನೆ ಫ್ಲೋರೈಡೂ ಮೇಲಕ್ಕೆ ಬಂದು, ಕುಡಿಯುವವರ ಹಲ್ಲು ಮೂಳೆಗಳಿಗೆ ಕೇಡನ್ನು ತರುತ್ತದೆ. ನೀರೆತ್ತಿದವನ ಲೆಕ್ಕದಲ್ಲಿ ಈ ನಷ್ಟವು ಬರೆಯಲ್ಪಡುವುದಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಸರ್ಕಾರವು ವಿದ್ಯುತ್ತನ್ನು ಉಚಿತವಾಗಿ ಕೊಡುವುದರಿಂದ ನೀರೆತ್ತುವ ಖರ್ಚೂ ಅವನಿಗೆ ಕಾಣದು. ಹಾಗೆಂದು ರೈತನನ್ನು ನಿಂದಿಸುವುದು ನ್ಯಾಯವಲ್ಲ. ತಾನು ಬಿಟ್ಟ ನೀರನ್ನು ನೆರೆಯವನು ಎತ್ತುವನೆಂಬ ಭಯವು ಪ್ರತಿಯೊಬ್ಬನಿಗೂ ಇದೆ. 1882ರ ಕಾಯಿದೆಯು ನೆಲದೊಡೆಯನಿಗೆ ನೆಲದಡಿಯ ನೀರನ್ನು ಸಂಗ್ರಹಿಸಿಕೊಳ್ಳುವ ಹಕ್ಕನ್ನು ಕೊಟ್ಟಿರುವಾಗ, ಸಾವಿರಾರು ಬಾವಿಗಳ ಒಡೆಯರು ಕೋಸರು ಹೇಳಿದಂತೆ ಪರಸ್ಪರ ಒಪ್ಪಂದಕ್ಕೆ ಬರುವುದು ಸುಲಭವೇ?

ಇನ್ನು ಬೆಂಗಳೂರು ನಗರದ ವಿಚಾರ. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ನಗರದ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಗೊಳಿಸಿ ಈ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆ ತುಂಬಿದ ಕಡೆ, ಒಂದು ಕಾಸನ್ನೂ ತೆರದ ರೈತನ ಬಾವಿಗೂ ನೀರು ಜಿನುಗುತ್ತದೆ. ಇದು ಶುಭವಾದ ಬಾಹ್ಯ ಪರಿಣಾಮ. ಆದರೆ 2018ರ ಜುಲೈಯಲ್ಲಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಿಂದ ನೀರು ಪಡೆದ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡು, ಉಚ್ಚ ನ್ಯಾಯಾಲಯವು ಆ ಹರಿವನ್ನು ಕೆಲಕಾಲ ತಡೆಯಬೇಕಾಯಿತು. ಮೂರನೆಯ ಹಂತದ ಶುದ್ಧೀಕರಣವಾಗಬೇಕೆಂಬ ಜನರ ಬೇಡಿಕೆ ಅಂದಿನಿಂದಲೂ ಕೇಳಿಬರುತ್ತಿದೆ. ಒಂದೇ ನೀರಿನಲ್ಲಿ ಲಾಭವೂ ಅಪಾಯವೂ ಕೂಡಿ ಬಂದಿವೆ. ಲಾಭವನ್ನು ಮಾತ್ರ ಸಾರಿ ಅಪಾಯವನ್ನು ಮರೆಮಾಡುವ ಅಧಿಕಾರಿಯೂ, ಅಪಾಯವನ್ನು ಮಾತ್ರ ಎತ್ತಿ ಆಡಿ ತುಂಬಿದ ಕೆರೆಯನ್ನು ಕಾಣದ ಟೀಕಾಕಾರನೂ ಅರ್ಧ ಲೆಕ್ಕವನ್ನೇ ಓದುತ್ತಾರೆ.

ಪದದ ಪ್ರಯೋಜನವಿರುವುದು ಇಲ್ಲಿಯೇ. ವೆಚ್ಚವನ್ನು ಯಾರು ಉಂಟುಮಾಡಿದರು, ಯಾರು ಹೊತ್ತರು ಎಂಬೆರಡು ಪ್ರಶ್ನೆಗಳನ್ನು ಅದು ನಮ್ಮಿಂದ ಕೇಳಿಸುತ್ತದೆ. ಕೊಳಚೆಯು ನಗರದ್ದಾದ್ದರಿಂದ ಮೂರನೆಯ ಹಂತದ ವೆಚ್ಚವೂ ನಗರದ ಮೇಲೆಯೇ ಬೀಳತಕ್ಕದ್ದು. ಹಳ್ಳಿಯವರು ತಮ್ಮ ಆರೋಗ್ಯದಿಂದ ಅದನ್ನು ತೆರುವುದು ಅನ್ಯಾಯ. ಹಾಗೆಯೇ ನಮ್ಮ ತಾಲ್ಲೂಕುಗಳವರೂ ಅಂತರ್ಜಲ ನಿಯಂತ್ರಣಕ್ಕಾಗಿ ಆದ 2011ರ ಕಾಯಿದೆಯನ್ನು ಕಾಗದದಲ್ಲಿಯೇ ಬಿಡದೆ, ಬಾವಿಗಳ ನೋಂದಣಿಗೂ ನೀರಿನ ಮಿತಬಳಕೆಗೂ ಒಪ್ಪಬೇಕು. ನಗರದಿಂದ ನ್ಯಾಯವನ್ನು ಬೇಡುವವರು ನೆರೆಯವನಿಗೆ ಅದನ್ನು ನಿರಾಕರಿಸಲಾಗದು.

ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ 1938ರಲ್ಲಿ ಧ್ವಜಕ್ಕಾಗಿ ಪ್ರಾಣವಿತ್ತವರು ಬಯಸಿದುದು ಸ್ವರಾಜ್ಯವನ್ನು. ತನ್ನ ಭೋಗದ ಭಾರವನ್ನು ಮಾತಿಲ್ಲದವನ ಹೆಗಲಿಗೆ ಏರಿಸದಿರುವುದೇ ಸ್ವರಾಜ್ಯದ ಮೊದಲ ಧರ್ಮವೆಂದು ನಾವು ತಿಳಿಯುತ್ತೇವೆ. ಅಧಿಕಾರಿಗಳು ಮುಂದಿನ ಯೋಜನೆಗೆ ಅಂಕಿತವನ್ನು ಹಾಕುವ ಮೊದಲು ಈ ಲೆಕ್ಕವನ್ನು ಪೂರ್ತಿಯಾಗಿ ಬರೆಯಿಸಲಿ.