ಲೆಕ್ಕದ ಕೀಲಿಕೈ ಯಾರ ಕೈಯಲ್ಲಿ?

ಕುರೆಕುಪ್ಪದ ನೆರೆಯಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇದೆ. ಅಲ್ಲಿನಂಥ ಊದುಕುಲುಮೆಯೊಳಗೆ ಬಿಸಿಗಾಳಿ ಹರಿಯುವ ಬಗೆಯನ್ನು ಕಣ್ಣಿಟ್ಟು ನೋಡಲಾಗದು. ಕುಲುಮೆಯ ಒಡಲನ್ನು ಲಕ್ಷಾಂತರ ಸಣ್ಣ ಕೋಣೆಗಳಾಗಿ ವಿಭಾಗಿಸಿ, ಒಂದೊಂದರಲ್ಲಿಯೂ ಶಾಖ, ಒತ್ತಡ, ವೇಗಗಳನ್ನು ಕಂಪ್ಯೂಟರಿನಲ್ಲಿ ಗಣಿಸಬೇಕು. ಇದೇ ಸಿಮ್ಯುಲೇಷನ್.

ಇದರ ಹೆಸರಾಂತ ತಂತ್ರಾಂಶಗಳು ಬಹುಮಟ್ಟಿಗೆ ಬಂಡವಾಳಗಾರರ ಸ್ವತ್ತು. ಪರವಾನಗಿಗೆ ಹಣ ತೆತ್ತರೂ ಒಳಗಿನ ಲೆಕ್ಕವನ್ನು ಕಾಣುವಂತಿಲ್ಲ. ಉತ್ತರ ಸಿಕ್ಕಿ ದಾರಿ ಸಿಗದಿದ್ದರೆ ಅದು ವಿದ್ಯೆಯೇ? ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುತ್ತೇವಲ್ಲ ಎನ್ನಬಹುದು. ಅದು ಮಿತಿ ಹಾಕಿದ ದಾನ, ದಾನ ಹಕ್ಕಲ್ಲ.

ಬೇರೆ ಮಾರ್ಗವುಂಟು. ಗಾಳಿ, ದ್ರವಗಳ ಹರಿವನ್ನು ಗಣಿಸುವ ಓಪನ್‌ಫೋಮ್ 2004ರಲ್ಲಿಯೇ ತನ್ನ ಮೂಲಸಂಕೇತವನ್ನು ತೆರೆದಿಟ್ಟಿತು. ಮುಂಬಯಿ ಐಐಟಿಯ ಫಾಸಿ ಯೋಜನೆ, ಕೇಂದ್ರ ಸರ್ಕಾರದ ನೆರವಿನಿಂದ, ವಿದ್ಯುನ್ಮಂಡಲಗಳನ್ನು ಪರೀಕ್ಷಿಸುವ ಈಸಿಮ್ ತಂತ್ರಾಂಶವನ್ನು ಕಟ್ಟಿದೆ. ಇಂಥದರಲ್ಲಿ ಒಬ್ಬ ವಿದ್ಯಾರ್ಥಿ ತಿದ್ದಿದ್ದು ಮುಂದಿನವನಿಗೆ ಆಸ್ತಿ.

ಉಳುವವನಿಗೆ ಹೊಲವೆಂದು ಸಮಾಜವಾದಿಗಳು 1951ರಲ್ಲಿ ಕಾಗೋಡಿನಲ್ಲಿಯೂ 1973ರಲ್ಲಿ ನಮ್ಮ ಸಂಡೂರಿನಲ್ಲಿಯೂ ಹೋರಾಡಿದರು. ಕಲಿಯುವವನಿಗೆ ಲೆಕ್ಕವೆಂಬುದೂ ಅದೇ ನ್ಯಾಯ.

ಆದರೆ ತೆರೆದ ತಂತ್ರಾಂಶವು ತಾನಾಗಿ ಬೆಳೆಯದು. ಅದಕ್ಕೂ ದುಡಿಮೆ ಬೇಕು. ಆದ್ದರಿಂದ ಸರ್ಕಾರವೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಪ್ರಯೋಗಶಾಲೆಗಳಲ್ಲಿ ಇದಕ್ಕೇ ಅಗ್ರಸ್ಥಾನ ಕೊಡಲಿ. ಕಟ್ಟಿ ಬೆಳೆಸುವ ಅಧ್ಯಾಪಕರಿಗೆ ಬಿಡುವನ್ನೂ, ವಿದ್ಯಾರ್ಥಿಗಳಿಗೆ ವೇತನವನ್ನೂ ಒದಗಿಸಲಿ. ಕೈಪಿಡಿಗಳು ಕನ್ನಡದಲ್ಲಿ ಬರಲಿ. ಕಾರ್ಖಾನೆಯ ಧೂಳು ಕುಡಿಯುವ ಊರುಗಳ ಮಕ್ಕಳು ಅದರ ಬಾಗಿಲಲ್ಲಿ ಕೂಲಿಗಷ್ಟೇ ನಿಲ್ಲದಿರಲಿ. ಕುಲುಮೆಯ ಲೆಕ್ಕವನ್ನೂ ಬರೆಯುವಂತಾಗಲಿ.