ಪೆನ್‌ಡ್ರೈವ್‌ನಲ್ಲಿ ಆಟ ಇರಲಿ, ಕದ್ದ ಆಟ ಬೇಡ



ದೊಡ್ಡ ರಜೆ ಹತ್ತಿರ ಬಂದಂತೆ ನಮ್ಮ ಹುಡುಗರ ಕೈಯಿಂದ ಕೈಗೆ ಪೆನ್‌ಡ್ರೈವ್ ಓಡಾಡಲು ಶುರುವಾಗುತ್ತದೆ. ಕಾರ್ ರೇಸ್, ಫುಟ್‌ಬಾಲ್, ಗುಂಡು ಹಾರಿಸುವ ಆಟ, ಎಲ್ಲವೂ ಅದರೊಳಗೆ. ಹೆಚ್ಚಿನವು ಕ್ರ್ಯಾಕ್ ಮಾಡಿದವು, ಅಂದರೆ ಬೀಗ ಮುರಿದವು. ಇದನ್ನು ಕಂಡ ಕೆಲವು ಅಪ್ಪ ಅಮ್ಮಂದಿರು ಪೆನ್‌ಡ್ರೈವನ್ನೇ ಕಿತ್ತು ಕಪಾಟಿನೊಳಗೆ ಇಟ್ಟುಬಿಡುತ್ತಾರೆ. ಹುಡುಗರ ದಾರಿಯೂ ಸರಿಯಿಲ್ಲ, ಹೆತ್ತವರ ದಾರಿಯೂ ಸರಿಯಿಲ್ಲ ಎಂಬುದು ನಮ್ಮ ಅಭಿಪ್ರಾಯ. ಪೆನ್‌ಡ್ರೈವ್‌ನಿಂದ ಆಟ ಆಡುವುದು ನಮ್ಮಂಥ ಮನೆಗಳಿಗೆ ಒಳ್ಳೆಯ ಉಪಾಯವೇ. ಆದರೆ ಅದರಲ್ಲಿರುವುದು ಹಂಚಿಕೊಳ್ಳಲು ನಮಗೆ ಹಕ್ಕಿರುವ ಆಟವಾಗಿರಬೇಕು.

ಒಂದೇ ಲ್ಯಾಪ್‌ಟಾಪ್ ಇರುವ ಮನೆ

ನಮ್ಮ ಕಾಸರಗೋಡಿನ ಹಳ್ಳಿಗಳ ಹೆಚ್ಚಿನ ಮನೆಗಳಲ್ಲಿ ಲ್ಯಾಪ್‌ಟಾಪ್ ಇದ್ದರೆ ಒಂದೇ. ಅಪ್ಪ ಗಲ್ಫಿನಿಂದ ತಂದದ್ದೋ, ಅಕ್ಕನ ಕಾಲೇಜಿಗೆಂದು ಕಂತಿನಲ್ಲಿ ಕೊಂಡದ್ದೋ ಇರುತ್ತದೆ. ಅಕ್ಕನ ಪ್ರಾಜೆಕ್ಟ್, ಅಣ್ಣನ ಪಿಎಸ್‌ಸಿ ಅರ್ಜಿ, ಅಮ್ಮನ ಕುಟುಂಬಶ್ರೀ ಲೆಕ್ಕ, ಮನೆಯವರೆಲ್ಲರ ಆಧಾರ್ ಪ್ರತಿ, ಬ್ಯಾಂಕಿನ ಲಾಗಿನ್ ಎಲ್ಲ ಅದರಲ್ಲೇ. ಇಂಥ ಲ್ಯಾಪ್‌ಟಾಪಿನಲ್ಲಿ ತಮ್ಮನೂ ತಂಗಿಯೂ ಒಂದೊಂದು ಆಟ ಇನ್‌ಸ್ಟಾಲ್ ಮಾಡುತ್ತಾ ಹೋದರೆ ಸಿ ಡ್ರೈವ್ ತುಂಬುತ್ತದೆ, ಯಂತ್ರ ನಿಧಾನವಾಗುತ್ತದೆ, ಕೊನೆಗೆ ಅಕ್ಕನ ಬೈಗುಳ. ಆಟ ಪೆನ್‌ಡ್ರೈವ್‌ನಲ್ಲೇ ಇದ್ದರೆ ಈ ತಕರಾರು ಇಲ್ಲ. ಚುಚ್ಚಿದಾಗ ಆಡಬಹುದು, ಆಟ ಮುಗಿಸಿ ತೆಗೆದರೆ ಲ್ಯಾಪ್‌ಟಾಪ್ ಮತ್ತೆ ಅಕ್ಕನದ್ದು.

ಇದು ಹೇಗೆ ಸಾಧ್ಯ ಎಂದು ಸ್ವಲ್ಪ ತಿಳಿದುಕೊಳ್ಳೋಣ. ವಿಂಡೋಸ್‌ನಲ್ಲಿ ಒಂದು ಆಟ ಇನ್‌ಸ್ಟಾಲ್ ಮಾಡಿದಾಗ ಅದು ಒಂದೇ ಕಡೆ ಕೂರುವುದಿಲ್ಲ. ಮುಖ್ಯ ಫೈಲುಗಳು ಒಂದು ಫೋಲ್ಡರಿಗೆ ಹೋಗುತ್ತವೆ, ಸೆಟ್ಟಿಂಗ್ಸ್ ರಿಜಿಸ್ಟ್ರಿಗೆ ಹೋಗಬಹುದು, ನಾವು ಸೇವ್ ಮಾಡಿದ ಆಟ ಬಳಕೆದಾರನ ಫೋಲ್ಡರಿನೊಳಗೆ ಇನ್ನೆಲ್ಲೋ ಇರುತ್ತದೆ. ಆದ್ದರಿಂದ ಬರೇ ಆಟದ ಫೋಲ್ಡರನ್ನು ಪೆನ್‌ಡ್ರೈವಿಗೆ ಎಳೆದು ಹಾಕಿದರೆ ಬೇರೆ ಕಂಪ್ಯೂಟರಿನಲ್ಲಿ ಅದು ತೆರೆಯದೇ ಹೋಗಬಹುದು. ತೆರೆದರೂ ಹತ್ತನೇ ಹಂತಕ್ಕೆ ತಲುಪಿದವರು ಮತ್ತೆ ಮೊದಲನೆಯದರಿಂದ ಆಡಬೇಕಾಗಬಹುದು. 'ಪೋರ್ಟಬಲ್' ಎಂದು ಸಿದ್ಧಪಡಿಸಿದ ಆಟ ಹಾಗಲ್ಲ. ತನ್ನ ಸೆಟ್ಟಿಂಗ್ಸ್, ಸೇವ್ ಫೈಲು ಎಲ್ಲವನ್ನೂ ಅದು ತನ್ನ ಫೋಲ್ಡರಿನೊಳಗೇ ಇಟ್ಟುಕೊಳ್ಳುತ್ತದೆ. ಒಂದು ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಇ ಎಂದು, ಇನ್ನೊಂದರಲ್ಲಿ ಎಫ್ ಎಂದು ಕಾಣಿಸಿದರೂ ಅದಕ್ಕೆ ತೊಂದರೆಯಿಲ್ಲ. ಜಾನ್ ಹಾಲರ್ ಎಂಬವರು 2004ರಲ್ಲಿ ಫೈರ್‌ಫಾಕ್ಸ್ ಬ್ರೌಸರನ್ನು ಹೀಗೆ ಸಿದ್ಧಪಡಿಸಿ ಕೊಟ್ಟರು. ಅದೇ ಮುಂದೆ ಪೋರ್ಟಬಲ್‌ಆ್ಯಪ್ಸ್ ಡಾಟ್ ಕಾಮ್ ಆಗಿ ಬೆಳೆಯಿತು. ಇಂದು ಅಲ್ಲಿ ಆಟಗಳಿಗೆಂದೇ ಒಂದು ವಿಭಾಗವಿದೆ.

2000ನೇ ಇಸವಿಯಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪೆನ್‌ಡ್ರೈವ್‌ಗಳಲ್ಲಿ ಹಿಡಿಯುತ್ತಿದ್ದದ್ದು ಕೇವಲ 8 ಎಂಬಿ. ಇಂದು ನಾವು ಕಿಸೆಯಲ್ಲಿ ಒಯ್ಯುವ 16 ಜಿಬಿಯದ್ದು ಅದರ ಸುಮಾರು ಎರಡು ಸಾವಿರ ಪಟ್ಟು. ಇಷ್ಟು ಜಾಗದಲ್ಲಿ ಏನು ತುಂಬಿಸುತ್ತೇವೆ ಎನ್ನುವುದೇ ಈಗಿನ ಪ್ರಶ್ನೆ.

"ಆಂಟಿವೈರಸ್ ಆಫ್ ಮಾಡಿ"

ಕ್ರ್ಯಾಕ್ ಮಾಡಿದ ಆಟದ ಜೊತೆ ಸಾಮಾನ್ಯವಾಗಿ ಒಂದು ಚಿಕ್ಕ ಸೂಚನೆಯ ಫೈಲ್ ಬರುತ್ತದೆ. ಅದರಲ್ಲಿ ಹೆಚ್ಚಾಗಿ ಹೀಗೊಂದು ಮಾತು ಇರುತ್ತದೆ: ಮೊದಲು ಆಂಟಿವೈರಸ್ ಆಫ್ ಮಾಡಿ. ಸ್ವಲ್ಪ ಯೋಚಿಸಿ. ಗುರುತಿಲ್ಲದ ಒಬ್ಬ ಬಂದು, "ನಾಯಿಯನ್ನು ಕಟ್ಟಿಹಾಕಿ, ಬಾಗಿಲು ತೆರೆದಿಡಿ, ನಾನು ಒಳಗೆ ಬರುತ್ತೇನೆ" ಎಂದರೆ ನಾವು ಒಪ್ಪುತ್ತೇವೆಯೇ? ಕ್ರ್ಯಾಕ್ ಮಾಡಿದವನು ಯಾರೆಂದು ನಮಗೆ ಗೊತ್ತಿಲ್ಲ. ಆಟದ ಜೊತೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಸೇರಿಸಿದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ. ಆಡುವವನು ಒಂಬತ್ತನೇ ಕ್ಲಾಸಿನ ತಮ್ಮ. ಕಳೆದುಕೊಳ್ಳುವವರು ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ನೋಡುವ ಅಮ್ಮ.

ಪೆನ್‌ಡ್ರೈವ್‌ನಿಂದ ಹರಡುವ ವೈರಸ್ ಹೊಸದಲ್ಲ. 2008ರ ಕೊನೆಯಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ನೆಟ್‌ವರ್ಕಿನಿಂದ ಮಾತ್ರವಲ್ಲ, ಪೆನ್‌ಡ್ರೈವ್ ಚುಚ್ಚಿದೊಡನೆ ತಾನಾಗಿ ಓಡುವ ಆಟೋರನ್ ಸೌಲಭ್ಯವನ್ನು ಬಳಸಿಯೂ ಜಗತ್ತಿನಾದ್ಯಂತ ಹಬ್ಬಿತು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವ್‌ಗಳ ಆಟೋರನ್ ನಿಲ್ಲಿಸಿತು. ಆದರೂ ಶಾರ್ಟ್‌ಕಟ್ ವೈರಸ್ ಉಳಿದಿದೆ. ಪ್ರಿಂಟ್ ತೆಗೆಯಲು ಕೊಟ್ಟ ಪೆನ್‌ಡ್ರೈವ್ ವಾಪಸ್ ಬಂದಾಗ ಫೋಲ್ಡರುಗಳೆಲ್ಲ ಮಾಯವಾಗಿ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಮಾತ್ರ ಕಂಡದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅದನ್ನು ಕ್ಲಿಕ್ ಮಾಡಿದಾಗ ವೈರಸ್ ಓಡುತ್ತದೆ. ಹತ್ತು ಮನೆ ಸುತ್ತುವ ಆಟದ ಪೆನ್‌ಡ್ರೈವ್ ಹತ್ತು ಮನೆಗೂ ಅದನ್ನು ತಲುಪಿಸುತ್ತದೆ.

"ಎಲ್ಲರೂ ಮಾಡುತ್ತಾರಲ್ಲ"

ಯುವಜನರ ವಾದವೂ ನಮಗೆ ಗೊತ್ತು. ಹೊಸ ಆಟಕ್ಕೆ ಮೂರು ನಾಲ್ಕು ಸಾವಿರ ರೂಪಾಯಿ ಎಲ್ಲಿಂದ ತರುವುದು? ಅಷ್ಟು ದೊಡ್ಡ ಕಂಪೆನಿಗೆ ನಮ್ಮೊಬ್ಬರಿಂದ ಏನು ನಷ್ಟ? ಬೆಲೆ ಹೆಚ್ಚು ಎಂಬುದು ನಿಜ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಲೆ ಹೆಚ್ಚಾದ ವಸ್ತುವನ್ನು ಅಂಗಡಿಯಿಂದ ಹೇಳದೆ ಎತ್ತಿಕೊಂಡು ಬರುವುದಿಲ್ಲ ನಾವು. ಏಳನೆಯ ಆಜ್ಞೆ ಪೆನ್‌ಡ್ರೈವಿಗೂ ಅನ್ವಯಿಸುತ್ತದೆ. ಕಾನೂನೂ ಅದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಕಳ್ಳಪ್ರತಿ ಎಂದು ತಿಳಿದೂ ಒಂದು ಪ್ರೋಗ್ರಾಂ ಬಳಸುವುದೇ ಅಪರಾಧ. ಅದಕ್ಕೆ ಜೈಲು ಮತ್ತು ದಂಡ ಎರಡೂ ಇವೆ. ಪೊಲೀಸರು ನಮ್ಮ ಮನೆಗೆ ಬರಲಿಕ್ಕಿಲ್ಲ. ಆದರೆ ಯಾರೂ ಹಿಡಿಯುವುದಿಲ್ಲ ಎಂಬ ಧೈರ್ಯದ ಮೇಲೆ ಚಿಕ್ಕವರಿಗೆ ಅಭ್ಯಾಸ ಕಲಿಸುವುದು ನಮ್ಮ ಯುವಜನ ಸಂಘಕ್ಕೆ ಶೋಭಿಸುವುದಿಲ್ಲ.

ಇದಕ್ಕೆ ಪರಿಹಾರವೂ ಇದೆ. ಮಾಡಿದವರೇ "ಕಾಪಿ ಮಾಡಿ, ಗೆಳೆಯರಿಗೂ ಕೊಡಿ" ಎಂದು ಅನುಮತಿ ಕೊಟ್ಟ ಆಟಗಳು ಸಾಕಷ್ಟಿವೆ. ಇವನ್ನು ಮುಕ್ತ ತಂತ್ರಾಂಶ ಎನ್ನುತ್ತೇವೆ. ಪೆಂಗ್ವಿನ್ ಓಡಿ ಜಿಗಿಯುವ 'ಸೂಪರ್‌ಟಕ್ಸ್' ಚಿಕ್ಕ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಇಬ್ಬರು ಒಂದೇ ಪರದೆಯಲ್ಲಿ ಸ್ಪರ್ಧಿಸಬೇಕಾದರೆ 'ಸೂಪರ್‌ಟಕ್ಸ್‌ಕಾರ್ಟ್' ಇದೆ, ತೀರಾ ಹಳೆಯ ಲ್ಯಾಪ್‌ಟಾಪಿಗೆ ಮಾತ್ರ ಸ್ವಲ್ಪ ಭಾರ. ರೈಲು, ಬಸ್ಸು ಓಡಿಸಿ ಸಾರಿಗೆ ಕಂಪೆನಿ ಬೆಳೆಸುವ 'ಓಪನ್‌ಟಿಟಿಡಿ'ಯಲ್ಲಿ ಸಾಲ, ಬಡ್ಡಿ, ಲಾಭದ ಲೆಕ್ಕ ಆಟದಲ್ಲೇ ಅರ್ಥವಾಗುತ್ತದೆ. 'ಬ್ಯಾಟಲ್ ಫಾರ್ ವೆಸ್ನೋತ್' 2003ರಿಂದ ಬೆಳೆದು ಬಂದ, ಚದುರಂಗದಂತೆ ಸರದಿಯಲ್ಲಿ ಯೋಚಿಸಿ ಆಡುವ ಯುದ್ಧದಾಟ. ಒಂದೇ ಕಂಪ್ಯೂಟರಿನ ಮುಂದೆ ಕೂತು ಇಬ್ಬರು ಸರದಿಯಂತೆ ಆಡಬಹುದು. ಸೈಮನ್ ಟಾಥಮ್ ಅವರ ಒಗಟುಗಳ ಸಂಗ್ರಹ ಕೆಲವೇ ಎಂಬಿಯಷ್ಟು, ಸುಡೊಕು ಸೇರಿ ಹತ್ತಾರು ಒಗಟು ಅದರಲ್ಲಿವೆ. ಅಪ್ಪ ಅಮ್ಮನೂ ಆಡಬಹುದು. ಇವೆಲ್ಲ ಸೇರಿದರೂ 16 ಜಿಬಿಯಲ್ಲಿ ಜಾಗ ಧಾರಾಳವಾಗಿ ಉಳಿಯುತ್ತದೆ.

ಹೆತ್ತವರಲ್ಲಿ ಒಂದು ವಿನಂತಿ

ಪೆನ್‌ಡ್ರೈವ್ ಕಿತ್ತುಕೊಂಡರೆ ಮಕ್ಕಳು ಆಟ ಬಿಡುವುದಿಲ್ಲ, ಮೊಬೈಲಿಗೆ ಹೋಗುತ್ತಾರೆ. ಮೊಬೈಲಿನ ಎಷ್ಟೋ 'ಉಚಿತ' ಆಟಗಳು ಐದು ನಿಮಿಷಕ್ಕೊಮ್ಮೆ ಜಾಹೀರಾತು ತೋರಿಸುತ್ತವೆ, ಜೀವ ಮುಗಿಯಿತು ಹಣ ಕೊಡು ಎನ್ನುತ್ತವೆ, ನಾಳೆ ಬರದಿದ್ದರೆ ಬಹುಮಾನ ಹೋಯಿತು ಎಂದು ಹೆದರಿಸುತ್ತವೆ. ಮೇಲೆ ಹೇಳಿದ ಆಟಗಳನ್ನು ಇಂಟರ್‌ನೆಟ್ ಇಲ್ಲದೆ, ಖಾತೆ ತೆರೆಯದೆ ಆಡಬಹುದು. ಅವು ಯಾರ ಕಿಸೆಗೂ ಕೈ ಹಾಕುವುದಿಲ್ಲ. ಸಮಯದ ಮಿತಿ ಮಾತ್ರ ನೀವೇ ಹಾಕಬೇಕು. ಕೀಲಿಯಂತೆ ಪೆನ್‌ಡ್ರೈವ್ ಅಮ್ಮನ ಕೈಯಲ್ಲಿರಲಿ. ಓದು ಮುಗಿದ ಮೇಲೆ ಒಂದು ಗಂಟೆ ಕೊಡಿ, ಮತ್ತೆ ವಾಪಸ್ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಹೀಗೆ ಮಾಡುವುದು ಅಷ್ಟು ಸುಲಭವಲ್ಲ.

ಯುವಜನರಿಗೆ ಕೆಲವು ಸೂಚನೆಗಳು. ಆಟವನ್ನು ಅದನ್ನು ಮಾಡಿದವರ ಜಾಲತಾಣದಿಂದ ಅಥವಾ ಪೋರ್ಟಬಲ್‌ಆ್ಯಪ್ಸ್‌ನಿಂದಲೇ ಇಳಿಸಿಕೊಳ್ಳಿ. ಇನ್ನೊಬ್ಬರಿಗೆ ಕೊಡುವಾಗ ಪರವಾನಗಿಯ ಫೈಲ್ ಸಹಿತ ಇಡೀ ಫೋಲ್ಡರ್ ಕೊಡಿ. ಬೇರೆಯವರ ಪೆನ್‌ಡ್ರೈವ್ ತೆರೆಯುವ ಮೊದಲು ವಿಂಡೋಸ್‌ನಲ್ಲೇ ಇರುವ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ. ಆಟ ಸೇವ್ ಆಗುತ್ತಿರುವಾಗ ಎಳೆದು ತೆಗೆಯಬೇಡಿ, 'ಎಜೆಕ್ಟ್' ಕೊಟ್ಟೇ ತೆಗೆಯಿರಿ. ಪೆನ್‌ಡ್ರೈವ್ ಒಂದು ದಿನ ಹಾಳಾಗುವುದು ಖಂಡಿತ, ಸೇವ್ ಫೈಲುಗಳ ಒಂದು ಪ್ರತಿ ಬೇರೆ ಕಡೆ ಇರಲಿ. ಮುಖ್ಯವಾಗಿ, ಅಕ್ಷಯ ಕೇಂದ್ರದ್ದಾಗಲಿ ಅಣ್ಣನ ಆಫೀಸಿನದ್ದಾಗಲಿ, ನಮ್ಮದಲ್ಲದ ಕಂಪ್ಯೂಟರಿಗೆ ಕೇಳದೆ ಚುಚ್ಚಬೇಡಿ. ಇನ್‌ಸ್ಟಾಲ್ ಮಾಡುವುದಿಲ್ಲ ಎಂದ ಮಾತ್ರಕ್ಕೆ ಅನುಮತಿ ಸಿಕ್ಕಿತು ಎಂದಲ್ಲ.

ಶಾಲೆಯ ಕಂಪ್ಯೂಟರಿನಲ್ಲಿ ನಿಮ್ಮ ವಿಂಡೋಸ್ ಆಟ ತೆರೆಯದಿದ್ದರೆ ಆಶ್ಚರ್ಯ ಬೇಡ. ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಓಡುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ಲಿನಕ್ಸ್. ಅಂದರೆ ಮುಕ್ತ ತಂತ್ರಾಂಶ ನಮ್ಮ ಮಕ್ಕಳಿಗೆ ಹೊಸದಲ್ಲ, ಒಂದನೇ ಕ್ಲಾಸಿನಿಂದಲೇ ಅದನ್ನು ಮುಟ್ಟಿ ಬೆಳೆದವರು ಅವರು. ಹೈಸ್ಕೂಲಿನ ಲಿಟಲ್ ಕೈಟ್ಸ್ ಮಕ್ಕಳು ಸ್ಕ್ರ್ಯಾಚ್‌ನಲ್ಲಿ ಸ್ವಂತ ಆಟ ತಯಾರಿಸಲೂ ಕಲಿಯುತ್ತಾರೆ. ಆ ಆಟವೂ ಒಂದು ಚಿಕ್ಕ ಫೈಲಾಗಿ ಪೆನ್‌ಡ್ರೈವ್‌ನಲ್ಲಿ ಕೂರುತ್ತದೆ. ಊರಲ್ಲಿ ಸುತ್ತುವ ಪೆನ್‌ಡ್ರೈವ್‌ನಲ್ಲಿ ನಮ್ಮದೇ ಹುಡುಗಿಯೊಬ್ಬಳು ಮಾಡಿದ ಆಟ ಇದ್ದರೆ ನಮಗೆಲ್ಲ ಎಷ್ಟು ಹೆಮ್ಮೆ!

ಈ ರಜೆಯಲ್ಲಿ ನಮ್ಮ ಪ್ರತಿ ವಾರ್ಡಿನಿಂದ ಕಂಪ್ಯೂಟರ್ ಬಲ್ಲ ಒಬ್ಬ ಯುವಕ ಅಥವಾ ಯುವತಿ ಮುಂದೆ ಬರಲಿ ಎಂಬುದು ನಮ್ಮ ಕೋರಿಕೆ. ತಮ್ಮ ವಾರ್ಡಿನ ಮಕ್ಕಳ ಪೆನ್‌ಡ್ರೈವ್‌ಗಳನ್ನು ತೆಗೆದುಕೊಂಡು ಕ್ರ್ಯಾಕ್ ಆಟಗಳನ್ನು ಅಳಿಸಿ, ವೈರಸ್ ಪರೀಕ್ಷಿಸಿ, ಹಕ್ಕಿರುವ ಆಟಗಳನ್ನು ತುಂಬಿಸಿ ಕೊಡಲಿ. ಮಕ್ಕಳ ಮುಂದೆಯೇ ಕೂತು, ಯಾಕೆ ಅಳಿಸುತ್ತೇವೆ ಎಂದು ಹೇಳುತ್ತಾ ಈ ಕೆಲಸ ಮಾಡಲಿ. ಒಂದು ಮಧ್ಯಾಹ್ನ ಸಾಕು.