ಎಡಚನ ಕೈಗೆ ಬಲಗೈ ಕೋವಿ

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯ ಹಳ್ಳಿಗಳಲ್ಲಿ, ಭತ್ತ ತೆನೆಗಟ್ಟುವ ದಿನಗಳ ಇರುಳಿನಲ್ಲಿ, ಈಗಲೂ ಒಮ್ಮೊಮ್ಮೆ ಕೇಪಿನ ಕೋವಿಯ ಸದ್ದು ಕೇಳಿಸುತ್ತದೆ. ಕಾಫಿ ತೋಟದ ಕೆಳಗಿನ ಗದ್ದೆಗೆ ಹಂದಿ ಇಳಿದಿದೆ ಎಂದು ಊರವರು ತಿಳಿದುಕೊಳ್ಳುತ್ತಾರೆ. ಆ ಸದ್ದು ಕೇಳಿದಾಗಲೆಲ್ಲ ನನಗೆ ಒಬ್ಬ ಸಣ್ಣ ಹಿಡುವಳಿದಾರರು ನೆನಪಾಗುತ್ತಾರೆ.

1990ರ ದಶಕದ ಆರಂಭದಲ್ಲಿ ನಾನು ಈ ಸೀಮೆಯಲ್ಲಿ ಕಂದಾಯ ಇಲಾಖೆಯ ಅಧಿಕಾರಿಯಾಗಿದ್ದೆ. ಬೆಳೆ ರಕ್ಷಣೆಗೆ ಕೋವಿ ಬೇಕೆಂದು ಅವರು ಸಲ್ಲಿಸಿದ್ದ ಅರ್ಜಿಗೆ ಜಮೀನಿನ ವರದಿ ಕೊಡಬೇಕಾದವನು ನಾನೇ. ಪಹಣಿ ನೋಡಿದೆ, ಗದ್ದೆ ನೋಡಿದೆ, ಹಂದಿಗಳು ಉತ್ತುಹಾಕಿದ್ದ ಬದುವನ್ನೂ ನೋಡಿದೆ. ವರದಿ ಅವರಿಗೆ ಅನುಕೂಲವಾಗಿಯೇ ಹೋಯಿತು. ಎರಡು ವರ್ಷಗಳ ತರುವಾಯ ಅವರು ಮತ್ತಾವುದೋ ಕೆಲಸಕ್ಕಾಗಿ ಕಚೇರಿಗೆ ಬಂದಾಗ ಬಲಗಣ್ಣಿನ ಮೇಲೆ ಬಿಳಿಯ ಕಲೆ ನಿಂತಿತ್ತು. ಕೇಪಿನ ಚೂರು ಸಿಡಿದಿತ್ತು. ಸಹಿ ಮಾಡಲು ಅವರು ಲೇಖನಿಯನ್ನು ಎಡಗೈಯಲ್ಲಿ ಹಿಡಿದರು. ನಾನು ನೋಡುತ್ತಿರುವುದನ್ನು ಗಮನಿಸಿ, "ಎಡಚನಿಗೆ ಕೋವಿ ಆಗಿಬರುವುದಿಲ್ಲ ಸಾರ್, ನಮ್ಮ ಅಪ್ಪಯ್ಯ ಮೊದಲೇ ಹೇಳಿದ್ದರು" ಎಂದರು. ತಪ್ಪು ತಮ್ಮದೇ ಎಂಬಂತಿತ್ತು ಅವರ ಧ್ವನಿ.

ಈ ಕೋವಿಯ ರಚನೆಯನ್ನು ತಿಳಿದರೆ ತಪ್ಪು ಯಾರದೆಂಬುದು ತಿಳಿಯುತ್ತದೆ. ಇದು ನಳಿಗೆಯೊಳಗೆ ಸುರುಳಿ ಗೀರುಗಳಿರುವ ರೈಫಲ್ ಅಲ್ಲ. ನುಣುಪು ನಳಿಗೆಯ ಸರಳ ಆಯುಧ. ನಳಿಗೆಯ ಬಾಯಿಂದ ಮದ್ದು ಸುರಿದು, ಕತ್ತ ಗಿಡಿದು, ಚರೆ ಹಾಕಿ, ಮತ್ತೆ ಕತ್ತ ಗಿಡಿಯಬೇಕು. ಬುಡದಲ್ಲಿರುವ ಪುಟ್ಟ ತೊಟ್ಟಿಗೆ ತಾಮ್ರದ ಕೇಪು ತೊಡಿಸಿದರೆ ಕುದುರೆ ಬಡಿದಾಗ ಅದು ಸಿಡಿದು ಒಳಗಿನ ಮದ್ದಿಗೆ ಕಿಡಿ ತಗಲುತ್ತದೆ. ಬಡಿತದಿಂದ ಸಿಡಿಯುವ ಮದ್ದಿನಿಂದ ಕೋವಿ ಹೊತ್ತಿಸುವ ವಿಧಾನಕ್ಕೆ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಪೇಟೆಂಟ್ ಪಡೆದದ್ದು 1807ರಲ್ಲಿ. ಕೇಪು ಬಂದದ್ದು ಅದರ ಬೆನ್ನಿಗೆ. ಅಂದಿನಿಂದ ಇಂದಿನವರೆಗೂ ಸಾಮಾನ್ಯ ಕೋವಿಯ ಕುದುರೆ ಮತ್ತು ತೊಟ್ಟು ಬಲಬದಿಯಲ್ಲಿಯೇ ಇವೆ.

ಬಲಗೈಯವನು ಹಿಡಿಗೆ ಕೆನ್ನೆ ಒತ್ತಿದಾಗ ಅವನ ಮುಖ ಕೋವಿಯ ಎಡಬದಿಗಿರುತ್ತದೆ. ಕಿಡಿಯೂ ಚೂರೂ ಆಚೆಗೆ ಹಾರುತ್ತವೆ. ಎಡಚನ ಮುಖ ಬಲಬದಿಗೆ, ಅಂದರೆ ಸಿಡಿಯುವ ಕೇಪಿನ ಮಗ್ಗುಲಿಗೇ ಬರುತ್ತದೆ. ನಳಿಗೆಯನ್ನು ಆತುಕೊಂಡ ಬಲತೋಳೂ ಕಿಡಿಯ ದಾರಿಯಲ್ಲಿರುತ್ತದೆ. ಚರೆ ಹಾಕದೆ ಬರಿಯ ಸದ್ದಿಗಾಗಿ ಹೊಡೆದರೂ ಕೇಪು ಸಿಡಿಯಲೇಬೇಕಾದ್ದರಿಂದ ಈ ಅಪಾಯ ತಪ್ಪುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಕಾಡುಹಂದಿಯನ್ನು ಕೊಲ್ಲುವಂತಿಲ್ಲ. ಹೀಗಾಗಿ ಕಾನೂನಿಗೆ ತಲೆಬಾಗುವ ರೈತನಿಗೆ ಕೋವಿಯ ಮುಖ್ಯ ಉಪಯೋಗ ಹೆದರಿಸುವುದೇ ಆಗಿದೆ. ಹಂದಿಗೆ ಏನೂ ಆಗದ ಈಡಿನಲ್ಲಿಯೂ ಹೊಡೆದವನ ಕಣ್ಣು ಹೋಗಬಹುದು.

ಬಲಭುಜದಿಂದ ಹೊಡೆಯುವ ಅಭ್ಯಾಸ ಮಾಡಿಕೊಳ್ಳಬಾರದೇಕೆ ಎಂದು ಕೇಳುವವರಿದ್ದಾರೆ. ನಾನೂ ಹುಟ್ಟಿನಿಂದ ಎಡಚ. ಸ್ಲೇಟಿನ ಮೇಲೆ ಅಕ್ಷರ ತಿದ್ದುವಾಗ ಬೆರಳ ಗೆಣ್ಣಿಗೆ ಬಿದ್ದ ಏಟುಗಳಿಂದ ಬಲಗೈ ಬರಹ ಕಲಿತೆ. ಆ ಕೈಯಿಂದಲೇ ಮೂವತ್ತಕ್ಕೂ ಹೆಚ್ಚು ವರ್ಷ ಕಡತಗಳಿಗೆ ಸಹಿ ಹಾಕಿದೆ. ಕೈಗೆ ಪಾಠ ಕಲಿಸಬಹುದು, ಕಣ್ಣಿಗೆ ಸುಲಭವಲ್ಲ. ಗುರಿ ಹಿಡಿಯುವಾಗ ನಮ್ಮ ಎರಡು ಕಣ್ಣುಗಳಲ್ಲಿ ಒಂದು ಮುಂದಾಳಾಗುತ್ತದೆ. ಎಡಗೈ, ಎಡಗಣ್ಣು ಎರಡೂ ಮುಂದಾಗಿರುವವನು ಬಲಭುಜಕ್ಕೆ ಕೋವಿಯಿಟ್ಟರೆ ಗುರಿ ತಪ್ಪುತ್ತದೆ. ಕತ್ತಲಲ್ಲಿ, ನೆರೆಯ ಗದ್ದೆಯಲ್ಲೂ ಕಾವಲುಗಾರನಿರುವಾಗ, ಗುರಿ ತಪ್ಪುವುದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಈ ಕೋವಿಯನ್ನು ರೈತನ ಕೈಗೆ ಕೊಟ್ಟದ್ದು ಕಾನೂನು. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನೇ. ಎಡಚನಿಗಾಗಿ ಕುದುರೆಯನ್ನು ಎಡಬದಿಗೆ ಕೂರಿಸಿಕೊಡಲು ಊರಿನ ಕಮ್ಮಾರನಿಗೆ ಹೇಳುವಂತಿಲ್ಲ. ಪರವಾನಗಿಯಿಲ್ಲದವರು ಕೋವಿ ರಿಪೇರಿ ಮಾಡುವುದೂ ಅಪರಾಧ. ಆದರೆ ಅದೇ ಕಲಮಿಗೆ ಒಂದು ಪರಂತುಕವಿದೆ. ಸಂದರ್ಭವನ್ನು ಪರಿಗಣಿಸಿದಾಗ ಇಂಥ ಕೋವಿ ಬೆಳೆ ರಕ್ಷಣೆಗೆ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ನುಣುಪು ನಳಿಗೆಯ ಬೇರೆ ಕೋವಿಗೆ ಪರವಾನಗಿ ನೀಡಬಹುದು. ನಳಿಗೆ ಮಡಿಸಿ ತೋಟಾ ತುಂಬುವ ಒಂಟಿ ನಳಿಗೆಯ ಕೋವಿಯಲ್ಲಿ ಬೆಂಕಿ ಮುಚ್ಚಿದ ಬುಡದೊಳಗೆ ಹೊತ್ತುತ್ತದೆ. ಯಾವ ಭುಜಕ್ಕಿಟ್ಟರೂ ಮುಖಕ್ಕೆ ಕಿಡಿ ಹಾರುವುದಿಲ್ಲ. ಹೊಡೆಯುವವನನ್ನೇ ಗಾಯಗೊಳಿಸುವ ಆಯುಧ ಅವನಿಗೆ 'ಸಾಲದು' ಎನ್ನಲು ವಿಶೇಷ ಪಾಂಡಿತ್ಯ ಬೇಕೆ?

ತೋಟಾ ಕೋವಿ ಕಳ್ಳಬೇಟೆಗೆ ಸುಲಭ, ಕೇಪಿನ ಕೋವಿ ನಿಧಾನವಾಗಿರುವುದೇ ಕಾಡಿಗೆ ಕ್ಷೇಮ ಎಂಬ ಆಕ್ಷೇಪ ಬರುತ್ತದೆ. ಕುದುರೆಮುಖದ ಅರಣ್ಯದ ಅಂಚಿನಲ್ಲಿ ಈ ಮಾತಿಗೆ ತೂಕವಿದೆ, ಅದನ್ನು ನಾನು ತಳ್ಳಿಹಾಕಲಾರೆ. ಕಳ್ಳಬೇಟೆಗೆ ಕೇಪಿನ ಕೋವಿಯೂ ಬಳಕೆಯಾಗುತ್ತದೆಂಬುದನ್ನು ಮಲೆನಾಡಿನವರೆಲ್ಲ ಬಲ್ಲರು. ತೋಟಾಗಳನ್ನಾದರೆ ಪರವಾನಗಿಯ ಮೇಲೆ ಎಣಿಸಿ ಕೊಡುತ್ತಾರೆ, ಲೆಕ್ಕ ಕೇಳಬಹುದು. ಇಷ್ಟಾಗಿಯೂ ಅಧಿಕಾರಿ ಒಪ್ಪದಿದ್ದರೆ ಎಡಬದಿಗೆ ಕುದುರೆಯಿರುವ ಕೇಪಿನ ಕೋವಿಯನ್ನೇ ಮಾಡಿಸಿಕೊಡಲಿ. ಯುರೋಪು, ಅಮೆರಿಕಗಳಲ್ಲಿ ಅಂಥವನ್ನು ಇಂದಿಗೂ ಮಾಡುತ್ತಾರೆ. ಅದೂ ಆಗದೆಂದರೆ ತೊಟ್ಟಿನ ಸುತ್ತ ಕಿಡಿ ತಡೆಯುವ ತಗಡಿನ ಮರೆ, ಕಣ್ಣಿಗೆ ಗಟ್ಟಿ ಕನ್ನಡಕ, ಇಷ್ಟನ್ನಾದರೂ ಕಡ್ಡಾಯ ಮಾಡಲಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತದ್ದು ಸರಾಸರಿ ಮನುಷ್ಯನ ಲೆಕ್ಕವನ್ನು. ಆಡಳಿತ ನಡೆಸಿದ್ದೂ ಅವನ ಹೆಸರಿನಲ್ಲಿಯೇ. ಜನರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಎಡಚರು. ಆ ಲೆಕ್ಕದಲ್ಲಿ ಅವರು ಕಾಣುವುದಿಲ್ಲ. 2016ರ ಆಯುಧ ನಿಯಮಗಳು ಅರ್ಜಿದಾರನಿಗೆ ಸುರಕ್ಷತಾ ತರಬೇತಿ ಬೇಕೆಂದಿವೆ. ಕೋವಿ ಕೈಗೆ ಕೊಡುವ ಮುನ್ನ ಯಾವ ಭುಜ, ಯಾವ ಕಣ್ಣು ಎಂದು ಅಲ್ಲಿಯೇ ನೋಡಿ ಒಂದು ಸಾಲು ಬರೆದರೆ ಸಾಕು. ಬೆರಳಿಂದ ದೂರದ ಗುರುತೊಂದನ್ನು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಮುಂದಾಳು ಕಣ್ಣು ಯಾವುದೆಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಇದಕ್ಕೆ ಸರ್ಕಾರಕ್ಕೆ ಬಿಡಿಗಾಸಿನ ಖರ್ಚಿಲ್ಲ.

ನಾನು ಬರೆದ ವರದಿಯಲ್ಲಿ ಸರ್ವೆ ನಂಬರು, ಗುಂಟೆ, ಬೆಳೆ, ಹಾನಿಯ ಅಂದಾಜು ಎಲ್ಲವೂ ಸರಿಯಾಗಿದ್ದವು. ಎಡಗೈಯವರೇ ಎಂದು ಕೇಳುವುದು ನನ್ನ ಕೆಲಸವಾಗಿರಲಿಲ್ಲ ಎಂದು ಬಹುಕಾಲ ಸಮಾಧಾನ ಹೇಳಿಕೊಂಡೆ. ಆದರೆ ಆ ಪ್ರಶ್ನೆ ಹೊಳೆಯಬಹುದಾಗಿದ್ದ ಒಬ್ಬನೇ ಒಬ್ಬ ಅಧಿಕಾರಿ ಪ್ರಾಯಶಃ ನಾನೇ ಆಗಿದ್ದೆ. ಈಗ ಆ ಕುರ್ಚಿಗಳಲ್ಲಿ ಕುಳಿತಿರುವವರು ಅದನ್ನು ಕೇಳಲಿ.